ಗೇಟು ದಾಟಿದ ಬೆರಕೆ ಸೊಪ್ಪು

ಸೊಪ್ಪಿನ ವಿರುದ್ಧ ಮಾತಾಡುವವರಿಗೆ ಈ ನಾಡಿನಲ್ಲಿ ಜಾಗವಿಲ್ಲ. ಸರ್ಕಾರವನ್ನು ಬೈಯಿರಿ, ಬೀಗರನ್ನು ಬೈಯಿರಿ, ಹೆಚ್ಚೇಕೆ ದೇವರನ್ನೇ ಬೈಯಿರಿ, ನಾಲ್ಕು ಜನ ನಿಮ್ಮ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಆದರೆ ‘ನನಗೆ ಸೊಪ್ಪು ಸೇರುವುದಿಲ್ಲ’ ಎಂದು ಒಮ್ಮೆ ಬಾಯಿಬಿಟ್ಟು ನೋಡಿ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತ, ಮುಖಪರಿಚಯವೂ ಇಲ್ಲದ ಮನುಷ್ಯ ನಿಮ್ಮ ಕಡೆಗೆ ತಿರುಗಿ, ಕಣ್ಣಿಗೆ ಒಳ್ಳೆಯದು, ರಕ್ತಕ್ಕೆ ಒಳ್ಳೆಯದು, ಹೊಟ್ಟೆ ಸಲೀಸಾಗುವುದಕ್ಕೆ ಒಳ್ಳೆಯದು ಎಂದು ಶುರು ಮಾಡುತ್ತಾನೆ. ಮಧುಗಿರಿಯಲ್ಲಿ ಹತ್ತಿದವನು ಪಾವಗಡದಲ್ಲಿ ಇಳಿಯುವ ತನಕ ನಿಲ್ಲಿಸುವುದಿಲ್ಲ. ಇಂಥ ಜನರ ನಡುವೆ ನಾನು ಐವತ್ತು ವರ್ಷ ತಲೆಯೆತ್ತಿಕೊಂಡು ಬದುಕಿದ್ದೇನೆ. ನನಗೆ ಸೊಪ್ಪು ಸೇರುವುದಿಲ್ಲ. ಮುಂದೆ ಹೇಳಲಿರುವ ಸಂಗತಿಯನ್ನೆಲ್ಲ ಓದಿದ ಮೇಲೂ ಈ ಮಾತು ಹಾಗೆಯೇ ಇರುತ್ತದೆ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಇದಕ್ಕೆ ಕಾರಣ ನಮ್ಮವ್ವ. ಮಧುಗಿರಿ ಬೆಟ್ಟದ ಹಿಂಬದಿಯ ನಮ್ಮ ಹಳ್ಳಿಯಲ್ಲಿ ಅವಳು ರಾಗಿ ಹೊಲದ ಕಳೆ ಕೀಳಲು ಹೋದವಳು ಮಡಿಲ ತುಂಬ ಸೊಪ್ಪು ತುಂಬಿಕೊಳ್ಳದೆ ಮನೆಗೆ ಬಂದದ್ದೇ ಇಲ್ಲ. ಇವತ್ತು ಬಸ್ಸಾರು, ನಾಳೆ ಮಸ್ಸೊಪ್ಪು, ನಾಡಿದ್ದು ಉಪ್ಪೆಸರು. ವೇಷ ಮೂರು, ಒಳಗಿನ ಪಾತ್ರಧಾರಿ ಮಾತ್ರ ಒಬ್ಬನೇ. ನಾನು ತಟ್ಟೆಯನ್ನು ಅತ್ತ ಸರಿಸಿದರೆ ಅವಳು ಇತ್ತ ಸರಿಸುತ್ತಿದ್ದಳು. ‘ತಿನ್ಲಾ, ಇಲ್ದಿದ್ರೆ ಬಡಕ್ಲಾಗಿ ಸಾಯ್ತೀಯ’ ಎನ್ನುವುದು ನಮ್ಮ ಮನೆಯ ಊಟದ ಮಂತ್ರ. ನನ್ನ ಸಂಪಾದನೆಯಲ್ಲಿ ನಾನು ಉಣ್ಣುವ ದಿನ ಬಂದಾಗ ಹಸಿರು ಬಣ್ಣದ್ದು ಯಾವುದೂ ನನ್ನ ತಟ್ಟೆಗೆ ಬೀಳಕೂಡದು ಎಂದು ಹತ್ತನೆಯ ವಯಸ್ಸಿನಲ್ಲಿ ದನದ ಕೊಟ್ಟಿಗೆಯಲ್ಲಿ ನಿಂತು ಶಪಥ ಮಾಡಿದ್ದೆ. ಸಾಕ್ಷಿಯಾಗಿದ್ದ ಎಮ್ಮೆ ಆ ಹೊತ್ತಿನಲ್ಲಿ ಹಸಿರು ಹುಲ್ಲು ಮೇಯುತ್ತಿತ್ತು. ಅದು ನನ್ನ ಮಾತಿಗೆ ಬೆಲೆ ಕೊಟ್ಟಂತೆ ಕಾಣಲಿಲ್ಲ.

ಶಪಥ ಮಾಡುವವರು ಮದುವೆಯಾಗುವಾಗ ಹೆಣ್ಣಿನ ಉದ್ಯೋಗ ಏನೆಂದು ಸರಿಯಾಗಿ ವಿಚಾರಿಸಬೇಕು. ನನ್ನ ಹೆಂಡತಿ ಸುಶೀಲ ಕೊರಟಗೆರೆ ಕಡೆಯವಳು, ಆರೋಗ್ಯ ಇಲಾಖೆಯಲ್ಲಿ ಕೆಲಸ. ಪಾವಗಡದ ಸುತ್ತಿನ ಹಳ್ಳಿಗಳಲ್ಲಿ ಬಸುರಿ ಬಾಣಂತಿಯರ ಮನೆಮನೆಗೆ ಹೋಗಿ, ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡಿ, ಕಬ್ಬಿಣದ ಮಾತ್ರೆ ಕೊಟ್ಟು, ‘ಸೊಪ್ಪು ತಿನ್ನಿ’ ಎಂದು ಹೇಳಿ ಬರುವುದೇ ಅವಳ ದಿನಚರಿ. ಜನ ಅವಳನ್ನು ‘ಸಿಸ್ಟರ್ರು’ ಎನ್ನುತ್ತಾರೆ. ನನ್ನನ್ನು ‘ಸಿಸ್ಟರ್ ಯಜಮಾನ್ರು’ ಎನ್ನುತ್ತಾರೆ. ಇಂಗ್ಲಿಷ್ ಬಲ್ಲವರಿಗೆ ಇದು ಕೊಂಚ ಗಲಿಬಿಲಿ ಉಂಟುಮಾಡಬಹುದು, ನಮ್ಮ ಕಡೆ ಯಾರಿಗೂ ಏನೂ ಅನ್ನಿಸಿಲ್ಲ. ಗೊರಕೆ ಹೊಡೆಯುವ ಗಂಡನನ್ನು ಹೆಂಡತಿಯರು ಹೇಗೆ ಸಹಿಸಿಕೊಳ್ಳುತ್ತಾರೋ ಹಾಗೆ ಸುಶೀಲ ನನ್ನ ಸೊಪ್ಪುದ್ವೇಷವನ್ನು ಇಪ್ಪತ್ತೆರಡು ವರ್ಷ ಸಹಿಸಿಕೊಂಡಿದ್ದಳು. ಹೋದ ವರ್ಷ ನಾನು ಮಹಡಿಯ ಮೆಟ್ಟಿಲು ಹತ್ತಿ, ಎದುರುಸಿರು ಬಿಡುತ್ತ ಮೇಲಿನ ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಅವಳು ಒಳಗೆ ಹೋಗಿ ತನ್ನ ಕೆಲಸದ ಚೀಲ ತಂದು, ನನ್ನ ಉಂಗುರದ ಬೆರಳಿಗೆ ಸೂಜಿ ಚುಚ್ಚಿ, ಯಂತ್ರಕ್ಕೆ ರಕ್ತ ಹಾಕಿ ಹಿಮೋಗ್ಲೋಬಿನ್ ನೋಡಿದಳು.

“ಹತ್ತೂವರೆ. ಮೊನ್ನೆ ವಳ್ಳೂರಲ್ಲಿ ಏಳು ತಿಂಗ್ಳು ತುಂಬಿರೋ ಹುಡುಗಿಗೆ ಹನ್ನೊಂದೂವರೆ ಇತ್ತು ಕಣ್ರೀ. ನಿಮಗೆ ಹತ್ತೂವರೆ. ನಿಮ್ಮ ಹೊಟ್ಟೇಲೇನು ಮಗು ಇದೆಯಾ?”

ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಅದೂ ಇದೂ ಪರೀಕ್ಷೆ ಮಾಡಿಸಿ, ಬೇರೆ ಕಾಯಿಲೆ ಏನಿಲ್ಲ, ಕಬ್ಬಿಣದ ಅಂಶ ಕಡಿಮೆ ಎಂದು ಮಾತ್ರೆ ಬರೆದುಕೊಟ್ಟರು. “ಜೊತೆಗೆ ಸೊಪ್ಪು ಚೆನ್ನಾಗಿ ತಿನ್ನಿ. ಊಟ ಆದ ತಕ್ಷಣ ಕಾಫಿ ಟೀ ಬೇಡ. ಸೊಪ್ಪಿಗೆ ಹುಣಸೆಹಣ್ಣೋ ನಿಂಬೆಹಣ್ಣೋ ಬಿದ್ದರೆ ಮೈಗೆ ಹತ್ತುತ್ತೆ” ಎಂದರು. ಮಾತ್ರೆಯನ್ನು ನಾಲ್ಕು ದಿನ ನುಂಗಿದೆ. ಹೊಟ್ಟೆ ಕಲ್ಲಿನಂತೆ ಕಟ್ಟಿಕೊಂಡಿತು. ಐದನೆಯ ದಿನದಿಂದ ಅದನ್ನು ತುಳಸಿ ಕುಂಡಕ್ಕೆ ಹಾಕತೊಡಗಿದೆ. ಉಳಿದದ್ದು ಸೊಪ್ಪು. ಅವತ್ತಿನಿಂದ ನನ್ನ ಊಟದ ಡಬ್ಬಿಯ ಮೇಲಿನ ಅಂಕಣದಲ್ಲಿ ಪಾಲಕ್ಕೋ ಮೆಂತ್ಯವೋ ದಂಟೋ ದಿನವೂ ಕಾಯಂ ಆಯಿತು.

ಇಲ್ಲಿ ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ಪಾವಗಡದಾಚೆ ಕಣ್ಣು ಹಾಯಿಸಿದಷ್ಟು ದೂರವೂ ಹಾಸಿಕೊಂಡಿರುವ ಸೋಲಾರ್ ಪ್ಯಾನಲ್ಲುಗಳಲ್ಲಿ ಒಂದು ಮೂಲೆಯನ್ನು ನೋಡಿಕೊಳ್ಳುವ ಸಣ್ಣ ಕಂಪನಿಯೊಂದರ ಸೈಟ್ ಆಫೀಸಿನಲ್ಲಿ ನಾನು ಗುಮಾಸ್ತ. ಆಳುಗಳ ಹಾಜರಿ ಹಾಕುವುದು, ಸ್ಟೋರಿನ ಬೀಗದ ಕೈ ಇಟ್ಟುಕೊಳ್ಳುವುದು, ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವುದು ನನ್ನ ಪಾಲಿಗೆ ಬಂದದ್ದು. ಪ್ಯಾನಲ್ಲಿನ ಮೇಲೆ ಧೂಳು ಕೂರುತ್ತದೆ, ನೀರು ಹಾಕಿ ತೊಳೆಯುತ್ತಾರೆ. ಆ ನೀರು ಅಂಚಿನಿಂದ ಸಾಲಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಸುತ್ತಮುತ್ತ ನೆಲವೆಲ್ಲ ಹಪ್ಪಳದಂತೆ ಒಣಗಿದ್ದಾಗಲೂ ಪ್ಯಾನಲ್ಲಿನ ಕೆಳಗೆ ಮಾತ್ರ ಮೊಣಕಾಲುದ್ದ ಹಸಿರು ಎದ್ದು ನಿಲ್ಲುತ್ತದೆ. ಅದು ಬೆಳೆದು ಪ್ಯಾನಲ್ಲಿಗೆ ನೆರಳು ಕೊಟ್ಟರೆ ಕರೆಂಟು ಕಡಿಮೆಯಾಗುತ್ತದೆ. ಆದ್ದರಿಂದ ಕಿತ್ತು ಹಾಕಲು ಹತ್ತು ಹನ್ನೆರಡು ಮಂದಿ ಹೆಂಗಸರು ಬರುತ್ತಾರೆ. ಒಮ್ಮೆ ಶಿರಾದಿಂದ ಹುಲ್ಲು ಕತ್ತರಿಸುವ ಯಂತ್ರ ತರಿಸಿದ್ದೂ ಆಯಿತು. ಅದು ಹುಲ್ಲಿನ ಜೊತೆಗೆ ಒಂದು ಕಲ್ಲನ್ನೂ ಹಾರಿಸಿ ಪ್ಯಾನಲ್ಲೊಂದನ್ನು ಚೂರು ಮಾಡಿತು. ಮತ್ತೆ ಹೆಂಗಸರನ್ನೇ ಕರೆದರು.

ಅವರ ಮುಂದಾಳು ಓಬಳಮ್ಮ, ಕ್ಯಾತಗಾನಚೆರ್ಲು ಊರಿನವಳು. ಅರವತ್ತರ ಹತ್ತಿರದ ವಯಸ್ಸು, ಕಡ್ಡಿಯಂಥ ಮೈ, ಆದರೆ ನನ್ನ ಹಾಗೆ ಅವಳಿಗೆ ಯಾವ ಮೆಟ್ಟಿಲೂ ಎದುರುಸಿರು ತರಿಸುವುದಿಲ್ಲ. ನಮ್ಮ ಗೇಟಿನ ಪಕ್ಕದ ಮೂರು ಸಾಲು ಪ್ಯಾನಲ್ಲು ನಿಂತಿರುವುದು ಅವಳ ಮನೆಯವರೇ ಕಂಪನಿಗೆ ಗುತ್ತಿಗೆಗೆ ಕೊಟ್ಟ ಹೊಲದಲ್ಲಿ. ಕನ್ನಡಕ್ಕೆ ತೆಲುಗನ್ನು ಒಗ್ಗರಣೆ ಹಾಕಿ ಮಾತಾಡುತ್ತಾಳೆ. ಮಧ್ಯಾಹ್ನ ಗೇಟಿನಾಚೆಯ ಬೇವಿನ ಮರದ ಕೆಳಗೆ ಹೆಂಗಸರೆಲ್ಲ ಬುತ್ತಿ ಬಿಚ್ಚುತ್ತಿದ್ದರು. ಆಫೀಸಿನ ತಗಡಿನ ಚಾವಣಿಯ ಕೆಳಗೆ ಬೇಯುವುದಕ್ಕಿಂತ ವಾಸಿ ಎಂದು ನಾನೂ ಡಬ್ಬಿ ತೆಗೆದುಕೊಂಡು ಅಲ್ಲಿಗೇ ಹೋಗುತ್ತಿದ್ದೆ. ಮೊದಲ ದಿನವೇ ಪಾಲಕ್ ಪಲ್ಯದ ಅಂಕಣವನ್ನು ಓಬಳಮ್ಮನ ಮುಂದೆ ಹಿಡಿದು, “ತಗಳಮ್ಮ, ನಂಗೆ ಜಾಸ್ತಿ ಆಯ್ತು” ಎಂದೆ.

ಅವಳು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದಳು. “ಪ್ಯಾಟೆ ಸೊಪ್ಪು ಕಣಮ್ಮ ಇದು” ಎಂದು ಪಕ್ಕದವಳಿಗೆ ಹೇಳಿದಳು. “ಮೋರಿ ನೀರ್ ಕುಡ್ಕಂಡ್ ಬೆಳ್ದೈತೆ, ಉಪ್ಪೂ ಇಲ್ಲ ಉಳೀನೂ ಇಲ್ಲ. ಪಾಪ, ಸಿಸ್ಟರ್ರಮ್ಮ ಮಾಡವ್ರೆ, ಚೆಲ್ಲಬಾರ್ದು.” ಹೀಗೆ ಟೀಕೆ ಮಾಡುತ್ತಲೇ ಹೆಂಗಸರೆಲ್ಲ ಸೇರಿ ದಿನವೂ ಖಾಲಿ ಮಾಡಿಕೊಟ್ಟರು. ಸಂಜೆ ತೊಳೆದಿಟ್ಟಂತಿದ್ದ ಡಬ್ಬಿ ನೋಡಿ ಸುಶೀಲಳ ಮುಖ ಅರಳುತ್ತಿತ್ತು. ಅದನ್ನು ನೋಡಿ ನನಗೆ ಸ್ವಲ್ಪ ಕಸಿವಿಸಿ ಆಗುತ್ತಿತ್ತು. ಆದರೆ ಕಸಿವಿಸಿಯನ್ನು ಸಹಿಸಿಕೊಳ್ಳಬಹುದು, ಪಾಲಕ್ಕನ್ನು ಸಾಧ್ಯವಿಲ್ಲ.

ಈ ನಡುವೆ ನಮ್ಮ ಸಾಹೇಬರು ನನ್ನ ನೆರವಿಗೆ ಬಂದರು. ಉತ್ತರದ ಕಡೆಯವರು, ಹೆಸರು ವರ್ಮಾ, ವಯಸ್ಸು ನಲವತ್ತು. ಒಳ್ಳೆಯ ಮನುಷ್ಯ, ಆದರೆ ತಮ್ಮ ಮೈಯನ್ನೇ ಒಂದು ಯಂತ್ರದಂತೆ ನೋಡಿಕೊಳ್ಳುವ ಜಾತಿ. ಅವರ ಮೇಜಿನ ಮೇಲೆ ಕಡುಹಸಿರು ದ್ರವದ ಒಂದು ಸೀಸೆ ಇರುತ್ತಿತ್ತು. ಒಂದು ದಿನ ನನ್ನ ಬಿಳಿಚಿದ ಮುಖ ನೋಡಿ ವಿಚಾರಿಸಿ, ಬೀರುವಿನಿಂದ ಹೊಸ ಸೀಸೆಯೊಂದನ್ನು ತೆಗೆದು ನನ್ನ ಕೈಗಿಟ್ಟರು. ಕ್ಲೋರೋಫಿಲ್! ಎಲೆಯೊಳಗಿನ ಹಸಿರನ್ನೇ ಹಿಂಡಿ ತೆಗೆದ ಸತ್ವವಂತೆ. ಒಂದು ಚಮಚ ನೀರಿಗೆ ಹಾಕಿ ಕುಡಿದರೆ ಒಂದು ಕುಕ್ಕೆ ಸೊಪ್ಪು ತಿಂದ ಹಾಗಂತೆ. ಎಲೆಯ ರಕ್ತವೇ ಅದು, ಹೋಗಿ ಮನುಷ್ಯನ ರಕ್ತ ಆಗುತ್ತದಂತೆ. ಈ ಅಂತೆಗಳನ್ನೆಲ್ಲ ಅವರು ಎಷ್ಟು ಶ್ರದ್ಧೆಯಿಂದ ಹೇಳಿದರೆಂದರೆ, ಕೇಳುತ್ತ ಕೇಳುತ್ತ ನನ್ನ ಕಣ್ಣಲ್ಲಿ ನೀರು ಬಂತು. ಸೊಪ್ಪೇ ಇಲ್ಲದ ಸೊಪ್ಪು! ನಾರಿಲ್ಲ, ಅಗಿಯುವುದಿಲ್ಲ, ಹಲ್ಲಿನ ಸಂದಿಗೆ ಸಿಕ್ಕುವುದಿಲ್ಲ. ಇದನ್ನು ನಮ್ಮವ್ವನ ಕಾಲಕ್ಕೇ ಕಂಡುಹಿಡಿದಿದ್ದರೆ ನನ್ನ ಬಾಲ್ಯ ಎಷ್ಟು ಸುಖವಾಗಿರುತ್ತಿತ್ತು!

ಅವತ್ತಿನಿಂದ ಆಫೀಸಿನಲ್ಲಿ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಎಲೆಯ ರಕ್ತ ನನ್ನ ರಕ್ತ ಆಯಿತೋ ಇಲ್ಲವೋ, ನನ್ನ ನಾಲಗೆ ಮಾತ್ರ ಎಲೆಯಾಯಿತು. ಮಾರನೆಯ ಬೆಳಿಗ್ಗೆ ಪಾಯಿಖಾನೆಯಲ್ಲಿ ಕಂಡ ಬಣ್ಣವನ್ನು ಇಲ್ಲಿ ವರ್ಣಿಸುವುದು ಸಭ್ಯತೆಯಲ್ಲ. ಅರ್ಧ ಗಂಟೆ ಅಲ್ಲೇ ಕುಳಿತು ಕುಲದೇವರನ್ನು ನೆನೆದೆ ಎಂದಷ್ಟೇ ಹೇಳುತ್ತೇನೆ. ಸುಶೀಲ ನನ್ನ ಹಸಿರು ನಾಲಗೆ ನೋಡಿ, ಗಂಡ ಸೊಪ್ಪನ್ನು ಹಸಿಯಾಗಿಯೂ ಮೇಯತೊಡಗಿದ್ದಾನೆ ಎಂದುಕೊಂಡು ಇನ್ನಷ್ಟು ಹಿಗ್ಗಿದಳು. ಪಿಯುಸಿ ಓದುತ್ತಿರುವ ಮಗಳು ಮಾತ್ರ ನನ್ನ ಚೀಲದಲ್ಲಿ ಸೀಸೆ ಕಂಡುಹಿಡಿದು, ಅದರ ಮೇಲಿನ ಬರಹವನ್ನು ಪೂರ್ತಿ ಓದಿ, “ಅಪ್ಪಾ, ಎಲೆ ಹಸಿರಿನ ಮಧ್ಯೆ ಇರೋದು ಮೆಗ್ನೀಸಿಯಂ. ನಿನಗೆ ಬೇಕಾಗಿರೋದು ಕಬ್ಬಿಣ. ಯಾವ ಅಂಗಡಿಗೆ ಹೋಗಿ ಏನು ಕೇಳ್ತಿದೀಯ?” ಎಂದಳು. ಅಮ್ಮನಿಗೆ ಹೇಳದಿರಲು ಎರಡು ಮಸಾಲೆ ದೋಸೆ ಕೇಳಿದಳು. ಕೊಡಿಸಿದೆ.

ಎರಡು ತಿಂಗಳಾದ ಮೇಲೆ ಸುಶೀಲ ಒಂದು ಭಾನುವಾರ ಬೆಳಿಗ್ಗೆ ಸಂಭ್ರಮದಿಂದ ಚೀಲ ತಂದಳು. ಬೆರಳು ಚುಚ್ಚಿದಳು. ಯಂತ್ರ ನೋಡಿದಳು. ಯಂತ್ರವನ್ನು ಒರೆಸಿ, ಬೇರೆ ಬೆರಳು ಚುಚ್ಚಿ ಮತ್ತೊಮ್ಮೆ ನೋಡಿದಳು. ಹತ್ತೂವರೆಯೂ ಇರಲಿಲ್ಲ, ಹತ್ತು. ನಾನು ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಅವಳು ಬೈಯಲಿಲ್ಲ. ಹತ್ತಿಯನ್ನು ನನ್ನ ಬೆರಳಿಗೆ ಒತ್ತಿ ಹಿಡಿದುಕೊಂಡೇ ಕೇಳಿದಳು:

“ದಿನಾ ತಿಂತಾ ಇದೀರ. ಡಬ್ಬಿ ಖಾಲಿ ಬರುತ್ತೆ. ಮಾತ್ರೇನೂ ನುಂಗಿದೀರ. ಮತ್ತೆ ಯಾಕೆ ಏರಲ್ಲ? ಇಪ್ಪತ್ತು ವರ್ಷದಿಂದ ಊರೂರು ಸುತ್ತಿ ಸೊಪ್ಪು ತಿನ್ರಮ್ಮ, ರಕ್ತ ಬರುತ್ತೆ ಅಂತ ಬಾಯಿ ನೋಯಿಸ್ಕೊಂಡಿದೀನಿ. ಕಣ್ಣೆದುರಿಗಿರೋ ಒಂದು ಮನುಷ್ಯನಿಗೇ ಆಗದಿದ್ಮೇಲೆ ಅವರಿಗೆಲ್ಲ ನಾನು ಹೇಳಿದ್ದು ಸುಳ್ಳಾ?”

ಈ ಮಾತು ನನಗೆ ತಾಗಿತು. ಬೈದಿದ್ದರೆ ನಾನು ತಿರುಗಿ ಬೈದು ಮರೆತುಬಿಡುತ್ತಿದ್ದೆ. ಮಾರನೆಯ ದಿನ ಅವಳು ಕೆಲಸಕ್ಕೆ ಹೊರಟಾಗ ಚೀಲ ಹೆಗಲಿಗೇರಿಸುವ ರೀತಿಯಲ್ಲೇ ಎಂದಿನ ಉತ್ಸಾಹ ಇರಲಿಲ್ಲ. ಹೇಳಿಬಿಡೋಣ ಎಂದು ಬಾಗಿಲ ತನಕ ಹೋದೆ. “ಛತ್ರಿ ಮರೆತೆ ನೋಡು” ಎಂದು ಹೇಳಿ ವಾಪಸು ಬಂದೆ. ಬಾಯಲ್ಲಿ ಬಂಡಾಯ ಸಾರುವವರ ಧೈರ್ಯ ಸಾಮಾನ್ಯವಾಗಿ ಇಷ್ಟೇ ಇರುತ್ತದೆ.

ಅದೇ ವಾರ ಗೇಟಿನ ಗಲಾಟೆ ಎದ್ದಿತು. ಹೆಂಗಸರು ಕಿತ್ತ ಹಸಿರಿನಲ್ಲಿ ತಿನ್ನುವಂಥದ್ದನ್ನು ಆರಿಸಿ ಟವಲಿನಲ್ಲಿ ಗಂಟು ಕಟ್ಟಿ, ಮಧ್ಯಾಹ್ನ ಊಟಕ್ಕೆ ಹೊರಗೆ ಬರುವಾಗ ತಂದು ಮರದ ಬುಡದಲ್ಲಿ ಇಟ್ಟು, ಸಂಜೆ ಮನೆಗೆ ಒಯ್ಯುತ್ತಿದ್ದರು. ವರ್ಮಾ ಸಾಹೇಬರು ಒಂದು ದಿನ ಕಾರಿನಿಂದ ಇಳಿಯುವಾಗ ಈ ಗಂಟುಗಳನ್ನು ಕಂಡರು. ಸೈಟಿನೊಳಗಿನ ಯಾವುದೂ ಹೊರಗೆ ಹೋಗಕೂಡದು ಎಂಬುದು ಕಂಪನಿಯ ನಿಯಮ. ಇವತ್ತು ಗಂಟಿನಲ್ಲಿ ಗಿಡ ಹೋದರೆ ನಾಳೆ ತಾಮ್ರದ ತಂತಿ ಹೋಗುತ್ತದೆ ಎಂಬುದು ಅವರ ವಾದ. “ನೋಟಿಸ್ ಹಾಕಿ” ಎಂದರು. ಅವರು ಹೇಳಿದ ಇಂಗ್ಲಿಷನ್ನು ನಾನು ಕನ್ನಡಕ್ಕೆ ಇಳಿಸಿ, ‘ಸೈಟಿನೊಳಗಿನ ಕಳೆಯನ್ನು ಯಾರೂ ಗೇಟಿನಿಂದ ಹೊರಕ್ಕೆ ಒಯ್ಯತಕ್ಕದ್ದಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ಖುಷಿಯೂ ಇತ್ತು. ಸೊಪ್ಪಿನ ಮೇಲೆ ಕೊನೆಗೂ ಒಬ್ಬರು ಕ್ರಮ ಕೈಗೊಂಡಿದ್ದರು.

ಮಾರನೆಯ ದಿನ ಮಧ್ಯಾಹ್ನ ಗೇಟಿನ ಕಾವಲುಗಾರ ತಿಪ್ಪೇಸ್ವಾಮಿ ಫೋನ್ ಮಾಡಿದ. “ಸಾ, ಬೇಗ ಬರ್ರಿ. ಓಬಳಮ್ಮ ಗೇಟ್ನಾಗೆ ಕುಂತ್ಬುಟ್ಟವ್ಳೆ. ಅತ್ತಾಗೂ ಓಗಲ್ಲ, ಇತ್ತಾಗೂ ಓಗಲ್ಲ.”

ಹೋಗಿ ನೋಡಿದರೆ ತೆರೆದ ಗೇಟಿನ ನಡುಮಧ್ಯೆ ಓಬಳಮ್ಮ ಕಾಲು ಚಾಚಿ ಕೂತಿದ್ದಾಳೆ. ಹೆಂಗಸರೆಲ್ಲ ಹಿಂದೆ ನಿಂತಿದ್ದಾರೆ. ಎಲ್ಲರ ಗಂಟುಗಳೂ ಅವಳ ಮುಂದೆ ಸುರಿದಿವೆ. ಅವಳು ಒಂದೊಂದೇ ಗಿಡವನ್ನು ಎತ್ತಿ ತಿಪ್ಪೇಸ್ವಾಮಿಗೆ ತೋರಿಸಿ, ಎಡಕ್ಕೊಂದು ಬಲಕ್ಕೊಂದು ಗುಡ್ಡೆ ಹಾಕುತ್ತಿದ್ದಾಳೆ.

“ಇದು ಅಣ್ಣೆ ಸೊಪ್ಪು. ಇದು ಗೋಣಿ ಸೊಪ್ಪು. ಇದು ಕಿರಕಸಾಲೆ. ಈ ಕಡೀಕೆ. ಇದು ಪಾರ್ತೇನಿ, ದರಿದ್ರದ್ದು, ಕಳೆ. ಆ ಕಡೀಕೆ. ಇದು ಗಣಿಕೆ ಸೊಪ್ಪು, ಬಾಯುಣ್ಣಿಗೆ ಆಗ್ತದೆ, ಈ ಕಡೀಕೆ.” ನನ್ನನ್ನು ಕಂಡು, “ಬರ್ರಿ ಸಾ” ಎಂದಳು. “ಗ್ವಾಡೆ ಮ್ಯಾಲೆ ಏನೋ ಬರ್ದಿದೀರಂತೆ. ಕಳೆ ಒಯ್ಯಬ್ಯಾಡಿ ಅಂತ. ನಾನೆಲ್ಲಿ ಒಯ್ತೀನಿ ಅಂದೆ? ಕಳೆ ಎಲ್ಲಾ ನಿಮಗೇ ಬುಟ್ಟಿದೀನಿ, ತಗಳ್ರಿ, ಕಂಪ್ನೀನಾಗೆ ಮಡಿಕ್ಕಳ್ರಿ. ಇದು ಸೊಪ್ಪು. ಸೊಪ್ಪು ಒಯ್ಯಬ್ಯಾಡಿ ಅಂತ ಬರ್ದಿದ್ದೀರಾ? ಎಲ್ಲಿ, ಓದಿ.”

ತಿಪ್ಪೇಸ್ವಾಮಿ ನೋಟಿಸನ್ನು ಇನ್ನೊಮ್ಮೆ ಓದಿ, “ಬರ್ದಿಲ್ಲ ಸಾ” ಎಂದ, ನ್ಯಾಯಾಧೀಶನ ಗಾಂಭೀರ್ಯದಲ್ಲಿ.

ಅಷ್ಟರಲ್ಲಿ ವರ್ಮಾ ಸಾಹೇಬರೂ ಬಂದರು. ಅವರಿಗೆ ನಾನು ವಿಷಯ ವಿವರಿಸಿದೆ. ಕಳೆಗೂ ಸೊಪ್ಪಿಗೂ ಇರುವ ವ್ಯತ್ಯಾಸವನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಬೆವೆತೆ. ಅವರು ಕೋಪಿಸಿಕೊಳ್ಳಲಿಲ್ಲ, ಅವರಿಗೆ ನಿಜವಾಗಿಯೂ ಆತಂಕವಾಗಿತ್ತು. ಇದನ್ನು ಮನುಷ್ಯರು ತಿನ್ನುತ್ತಾರಾ, ಯಾರಿಗಾದರೂ ಹೊಟ್ಟೆ ಕೆಟ್ಟು ಹೆಚ್ಚುಕಡಿಮೆಯಾದರೆ ಯಾರು ಹೊಣೆ, ಕಳೆ ಕೊಲ್ಲುವ ಔಷಧಿ ಏನಾದರೂ ಬಿದ್ದಿದ್ದರೆ ಏನು ಗತಿ ಎಂದು ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಓಬಳಮ್ಮ ನಕ್ಕುಬಿಟ್ಟಳು. “ಔಸ್ದಿ ಒಡ್ದಿದ್ರೆ ನಮ್ಮನ್ನ ಯಾಕೆ ಸಾ ಕೀಳಾಕ್ ಕರೀತಿದ್ರಿ? ಈ ಮೂರು ಸಾಲು ಐತಲ್ಲ, ಇದು ನಮ್ಮ ಹೊಲ ಕದಾ. ಕಡ್ಲೇಕಾಯಿ ಆಕ್ತಿದ್ವಿ. ನೆಲಾನ ಕೊಟ್ಟಿದ್ದು ನಿಜ, ಇಲ್ಲ ಅನ್ನಕಿಲ್ಲ. ಬಿಸ್ಲು ನೀವ್ ತಗಳ್ರಿ, ಕರೆಂಟು ಮಾಡ್ಕಳ್ರಿ. ಸೊಪ್ಪುನ್ನ ನೀವೇನು ಬಿತ್ತಿದ್ರಾ? ಅದು ತಾನಾಗೇ ಬಂದೈತೆ, ನಮ್ಮ ಗುರ್ತು ಹಿಡ್ಕಂಡು ಬಂದೈತೆ. ಇದು ನಮ್ ಜತೆ ಓಗಲ್ಲ ಅಂದ್ರೆ ನಾಳಿಂದ ನಾವೂ ಬರಕಿಲ್ಲ. ಕಲ್ಲು ಆರ್ಸೋ ಮಿಷಿನ್ ಐತಲ್ಲ, ಅದುನ್ನೇ ತರುಸ್ಕಳ್ರಿ.”

ಹಿಂದೆ ನಿಂತಿದ್ದವರು ಒಬ್ಬೊಬ್ಬರೇ ಬಂದು ಅವಳ ಪಕ್ಕ ಕೂತರು. ದಿನಗೂಲಿ ಹೋದರೆ ಅವರಿಗೆ ಕಷ್ಟವೇ, ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಕೂತರು. ನಾನು ಇದನ್ನು ಸಾಹೇಬರಿಗೆ ತರ್ಜುಮೆ ಮಾಡುತ್ತಿದ್ದಾಗ ಅವರು ಒಂದು ಗಿಡವನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, ನನ್ನ ಭುಜ ತಟ್ಟಿ, ಹಿತದ ಮಾತು ಹೇಳುವವರಂತೆ ಹೇಳಿದರು: ಇದು ದನದ ಮೇವು, ನಿಮ್ಮಂಥ ಓದಿದವರು ಇದನ್ನು ತಿನ್ನುತ್ತೀರಾ? ಇಲ್ಲ ತಾನೆ? ಅದನ್ನೇ ಇವರಿಗೆ ಹೇಳಿ.

ನಾನು ಸುಮ್ಮನೆ ‘ಇಲ್ಲ’ ಎನ್ನಬಹುದಿತ್ತು. ಅದು ಅಪ್ಪಟ ಸತ್ಯವೂ ಆಗಿತ್ತು. ಆದರೆ ಆ ‘ದನದ ಮೇವು’ ಎಂಬ ಮಾತು ನನ್ನ ಕಿವಿಯೊಳಗೆ ಇಳಿದು ಎಲ್ಲೋ ಹೋಗಿ ಚುಚ್ಚಿತು. ನಮ್ಮವ್ವ ಮಡಿಲು ತುಂಬಿ ತಂದದ್ದು ಇದೇ ಅಣ್ಣೆ ಸೊಪ್ಪು, ಇದೇ ಕಿರಕಸಾಲೆ. ಅದನ್ನು ನಾನು ಬೈದಿದ್ದೇನೆ, ಉಗಿದಿದ್ದೇನೆ, ಯಾರೂ ಕಾಣದಾಗ ಬೆಕ್ಕಿಗೆ ಹಾಕಿದ್ದೇನೆ. ಬೈಯುವ ಹಕ್ಕನ್ನು ನಾನು ತಿಂದು ಸಂಪಾದಿಸಿದ್ದೇನೆ. ಹಸಿರು ಸೀಸೆ ಕುಡಿಯುವ ಈ ಮನುಷ್ಯ, ಅದೇ ಹಸಿರು ಬೇರಿನ ಸಮೇತ ಎದುರಿಗೆ ಬಂದರೆ ಮೇವು ಎನ್ನುವುದಕ್ಕೆ ಯಾರು?

“ತಿಂತೀನಿ ಸಾರ್” ಎಂದೆ. ಹೇಳಿದ ಮೇಲೆ ಹೇಳಿದ್ದು ನಾನೇ ಎಂದು ಗೊತ್ತಾಯಿತು.

ಓಬಳಮ್ಮ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಸಾಹೇಬರಿಗೆ ಗೊತ್ತಿರದ ಸತ್ಯ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಬುತ್ತಿ ಬಿಚ್ಚಿ, ಒಂದು ಮುದ್ದೆ ಇಟ್ಟು, ಅದರ ಮೇಲೆ ಹಿಂದಿನ ದಿನದ್ದೇ ಗಂಟಿನ ಬೆರಕೆ ಸೊಪ್ಪಿನ ಸಾರನ್ನು ಸುರಿದು ತಟ್ಟೆಯನ್ನು ನನ್ನ ಮುಂದೆ ತಳ್ಳಿದಳು. ದನಿ ತಗ್ಗಿಸಿ, “ಎರಡು ತಿಂಗ್ಳು ನಿಮ್ ಡಬ್ಬಿ ನಾವ್ ಖಾಲಿ ಮಾಡ್ಕೊಟ್ಟಿದೀವಿ” ಎಂದಳು. “ಇವತ್ತು ನಮ್ದು ನೀವ್ ಮಾಡ್ರಿ. ಲೆಕ್ಕ ಚುಕ್ತಾ.”

ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ಹನ್ನೆರಡು ಜೊತೆ ಕಣ್ಣು, ಒಬ್ಬ ಕಾವಲುಗಾರ, ಒಬ್ಬ ಸಾಹೇಬ. ಮುದ್ದೆಯ ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿದೆ. ಮೊದಲ ತುತ್ತಿಗೆ ಕಹಿ, ಕೊಟ್ಟಿಗೆಯ ಶಪಥ ನೆನಪಾಯಿತು. ಎರಡನೆಯದಕ್ಕೆ ಬೆಳ್ಳುಳ್ಳಿ, ಹುಣಸೆ ಹುಳಿ, ಸುಟ್ಟ ಮೆಣಸಿನಕಾಯಿಯ ಘಾಟು ಬಂತು. ಮೂರನೆಯದಕ್ಕೆ ಏನಾಯಿತೆಂದು ನಾನು ಹೇಳುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ಐವತ್ತು ವರ್ಷದ ಹೋರಾಟಕ್ಕೆ ಅವಮಾನ. ತಟ್ಟೆ ಖಾಲಿ ಮಾಡಿ ಸಾಹೇಬರ ಮುಖವನ್ನೇ ನೋಡುತ್ತ, “ಇನ್ನೊಂದು ಸೌಟು ಬುಡಮ್ಮ” ಎಂದೆ. ನನ್ನ ಬಾಯಲ್ಲಿ ‘ಬುಡಮ್ಮ’ ಬಂದು ಎಷ್ಟೋ ವರ್ಷವಾಗಿತ್ತು. ಹೆಂಗಸರು ಗೊಳ್ಳೆಂದು ನಕ್ಕರು.

ವರ್ಮಾ ಸಾಹೇಬರು ಪ್ಯಾಂಟು ಮೇಲಕ್ಕೆಳೆದುಕೊಂಡು ಕುಕ್ಕರುಗಾಲಲ್ಲಿ ಕೂತರು. ಅಂಗೈಗೆ ಸ್ವಲ್ಪ ಸಾರು ಹಾಕಿಸಿಕೊಂಡು ನೆಕ್ಕಿದರು. ಕಣ್ಣಲ್ಲಿ ನೀರು ದಳದಳ ಇಳಿಯಿತು. ತಿಪ್ಪೇಸ್ವಾಮಿ ನೀರು ತಂದುಕೊಟ್ಟ. ಕುಡಿದು ಸುಧಾರಿಸಿಕೊಂಡು, ತಮಗೆ ಬರುವ ನಾಲ್ಕು ಕನ್ನಡ ಪದಗಳಲ್ಲಿ ಎರಡನ್ನು ಜೋಡಿಸಿ, “ಸೊಪ್ಪು... ಒಳ್ಳೇದು” ಎಂದರು. ಆಮೇಲೆ ನನಗೆ, ಗಂಟುಗಳನ್ನು ತಿಪ್ಪೇಸ್ವಾಮಿಗೆ ಬಿಚ್ಚಿ ತೋರಿಸಿ ಒಯ್ಯಲಿ, ನೋಟಿಸ್ ತಿದ್ದಿ ಎಂದರು. ನಾನು ನೋಟಿಸಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಸೊಪ್ಪು ಕಳೆಯಲ್ಲ.’ ನನ್ನ ಗುಮಾಸ್ತಗಿರಿಯಲ್ಲಿ ಇಷ್ಟು ಚಿಕ್ಕದಾದ, ಇಷ್ಟು ಖಚಿತವಾದ ವಾಕ್ಯವನ್ನು ನಾನು ಬರೆದದ್ದಿಲ್ಲ.

ಅವತ್ತು ಸಂಜೆ ಓಬಳಮ್ಮ ಕೊಟ್ಟ ಗಂಟಿನೊಂದಿಗೆ ಮನೆಗೆ ಹೋದೆ. ಸುಶೀಲ ಬಿಚ್ಚಿ ನೋಡಿ, “ಇದ್ಯಾರು ಆರಿಸಿದ್ದು? ಇಂಥ ಸೊಪ್ಪು ಪೇಟೇಲಿ ಸಿಗಲ್ಲ” ಎಂದು ಎಲೆಗಳನ್ನು ಮೂಸಿದಳು. ಆ ಹುರುಪಿನಲ್ಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಡಬ್ಬಿ ಖಾಲಿ ಮಾಡಿದವರು ಯಾರು, ಮಾತ್ರೆ ನುಂಗಿದ ತುಳಸಿ ಯಾವುದು, ನಾಲಗೆ ಹಸಿರಾದದ್ದು ಹೇಗೆ, ಮಸಾಲೆ ದೋಸೆ ತಿಂದವರು ಯಾರು. ಹೇಳುತ್ತ ಹೋದಂತೆ ಅವಳ ಮುಖ ಕೆಂಪಾಯಿತು. ಸಿಡಿಲಿಗೆ ಕಾದು ಕೂತೆ.

“ಅಂದ್ರೆ ಸೊಪ್ಪು ಸುಳ್ಳು ಹೇಳಿರ್ಲಿಲ್ಲ” ಎಂದಳು ನಿಧಾನವಾಗಿ. “ಹೇಳಿದ್ದು ನೀವು.” ಹಾಗೆಂದವಳು ಗೋಡೆಗೆ ಒರಗಿ, ಉಸಿರುಬಿಟ್ಟು, ನಗತೊಡಗಿದಳು. ಅದು ಕ್ಷಮೆಯ ನಗು ಎಂದು ನಾನು ತಪ್ಪು ತಿಳಿದೆ. ಈಗ ಅವಳು ಹೋದ ಊರಲ್ಲೆಲ್ಲ ಬಸುರಿಯರನ್ನು ಕೂರಿಸಿಕೊಂಡು, ಸೊಪ್ಪು ತಿನ್ನದೆ ಡಬ್ಬಿ ಕೊಟ್ಟುಬಂದ ಒಬ್ಬ ಗಂಡಸಿನ ಕಥೆ ಹೇಳುತ್ತಾಳೆ. ಹೆಸರು ಹೇಳುವುದಿಲ್ಲ, ‘ನಮ್ಮ ಮನೆಯವರು’ ಎಂದಷ್ಟೇ ಹೇಳುತ್ತಾಳೆ. ವಳ್ಳೂರಿನ ಬಸ್ಸಿನಲ್ಲಿ ಕಂಕುಳಲ್ಲಿ ಕೂಸಿದ್ದ ಹೆಣ್ಣುಮಗಳೊಬ್ಬಳು ನನ್ನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮಾತ್ರೆಯನ್ನು ಈಗ ಅವಳ ಎದುರಿಗೇ ನುಂಗಬೇಕು, ಆಮೇಲೆ ಬಾಯಿ ತೆರೆದು ತೋರಿಸಬೇಕು. ವಾರದಲ್ಲಿ ನಾಲ್ಕು ದಿನ ಗೇಟು ದಾಟಿದ ಸೊಪ್ಪು. ನಾಲ್ಕು ತಿಂಗಳ ಮೇಲೆ ಚುಚ್ಚಿದಾಗ ಹನ್ನೆರಡು ಮುಕ್ಕಾಲು. ಮಾತ್ರೆಯಿಂದ ಎಂದರು ಡಾಕ್ಟರು. ಅಡುಗೆಯಿಂದ ಎಂದಳು ಸುಶೀಲ. “ನಮ್ಮ ಹೊಲದ ಮಣ್ಣು ಸಾ ಅದು” ಎಂದಳು ಓಬಳಮ್ಮ. ವರ್ಮಾ ಸಾಹೇಬರು ಸೀಸೆಯ ಕಡೆ ನೋಡಿ ಅರ್ಥಗರ್ಭಿತವಾಗಿ ನಕ್ಕರು. ರಕ್ತ ನನ್ನದು ಎಂಬುದನ್ನು ಯಾರೂ ನೆನಪಿಸಿಕೊಳ್ಳಲಿಲ್ಲ.

ಈಚೆಗೆ ಮಾತ್ರ ಒಂದು ವಿಚಿತ್ರ ಆಗಿತ್ತು. ಸೊಪ್ಪಿನ ಸಾರು ನಾಲಗೆಗೆ ಸಪ್ಪೆಯಾಗತೊಡಗಿತ್ತು. ಈ ಬಗ್ಗೆ ಬಹಳ ಯೋಚಿಸಿದೆ. ಯಾರೂ ತಡೆಯದೆ ಹೋದಾಗ ಯಾವ ಪದಾರ್ಥಕ್ಕೂ ರುಚಿ ಉಳಿಯುವುದಿಲ್ಲ, ಅವತ್ತು ನಾನು ಉಂಡದ್ದು ಸೊಪ್ಪಲ್ಲ, ಪ್ರತಿಭಟನೆ, ಗೇಟು ತೆರೆದುಕೊಂಡ ದಿನವೇ ಅದರ ಸತ್ವ ಹೋಯಿತು ಎಂದು ಒಂದು ದೊಡ್ಡ ಸಿದ್ಧಾಂತವೇ ತಲೆಯಲ್ಲಿ ಸಿದ್ಧವಾಯಿತು. ಮೊನ್ನೆ ಊಟಕ್ಕೆ ಕೂತಾಗ ಅದನ್ನು ಸುಶೀಲಳಿಗೆ ವಿಸ್ತಾರವಾಗಿ ವಿವರಿಸಿದೆ. ಅವಳು ಪೂರ್ತಿ ಕೇಳಿ, ಇನ್ನೊಂದು ಸೌಟು ಸಾರು ಬಡಿಸಿ ಹೇಳಿದಳು:

“ಹದಿನೈದು ದಿನದಿಂದ ಅರ್ಧ ಉಪ್ಪು ಹಾಕ್ತಿದೀನಿ. ನಿಮಗೆ ಬಿಪಿ ಏರಿದೆ.”

ಉಪ್ಪಿನ ವಿಷಯದಲ್ಲಿ ನಾನು ಸೋಲುವ ಪ್ರಶ್ನೆಯೇ ಇಲ್ಲ. ಮಧ್ಯಾಹ್ನದ ಬುತ್ತಿಯ ಜೊತೆ ಒಂದು ಚಿಟಿಕೆ ತರಲು ಓಬಳಮ್ಮನ ಹತ್ತಿರ ಮಾತಾಡಿದ್ದೇನೆ.